ಮಿಷಿಗನ್ನಿನ ಪಾರಿವಾಳ, ಕ್ಯಾಲಿಫೋರ್ನಿಯಾದ ನಾಯಿ

ನಾಯಿ ಮೊದಲು ಮೂತಿ ಚಾಚುತ್ತದೆ, ಯೋಚನೆ ಏನಿದ್ದರೂ ಆಮೇಲೆ. ಒಣಹುಲ್ಲಿನಲ್ಲಿ ಏನೋ ಸರಿದಾಡಿದರೆ, ಕಲ್ಲಿನ ಸಂದಿಯಿಂದ ಹೊಸ ವಾಸನೆ ಬಂದರೆ, ಅಲ್ಲಿಗೆ ಮೂಗು ತೂರಿಸದೆ ಅದಕ್ಕೆ ಸಮಾಧಾನವಿಲ್ಲ. ಕ್ಯಾಲಿಫೋರ್ನಿಯಾ, ಅರಿಝೋನಾ, ಟೆಕ್ಸಸ್‌ನ ಹಳ್ಳಿಗಾಡಿನಲ್ಲಿ ಆ ಸಂದಿಯೊಳಗೆ ರ‍್ಯಾಟಲ್‌ಸ್ನೇಕ್ ಸುರುಳಿ ಸುತ್ತಿಕೊಂಡು ಕೂತಿರಬಹುದು. ಅಲ್ಲಿನ ಪಶುವೈದ್ಯರ ಬಳಿ ಬರುವ ನಾಯಿಗಳಿಗೆ ಹಾವು ಕಚ್ಚಿರುವುದು ಹೆಚ್ಚಾಗಿ ಮೂತಿಗೆ, ಇಲ್ಲವೇ ಮುಂಗಾಲಿಗೆ. ಬಾಲದ ಗಿಲಕಿ ಆಡಿಸಿ ಎಚ್ಚರಿಸುವ ಸಭ್ಯ ಹಾವು ಅದು ಎನ್ನುತ್ತಾರೆ. ಪ್ರತಿಸಲವೂ ಅಷ್ಟು ಸಭ್ಯತೆ ಇರುವುದಿಲ್ಲ, ಸದ್ದಿಲ್ಲದೆ ಕಚ್ಚಿದ್ದೂ ಉಂಟು. ಸದ್ದು ಮಾಡಿದರೂ ನಾಯಿ ಹಿಂದೆ ಸರಿಯುತ್ತದೆ ಎಂದೇನಿಲ್ಲ. ಇದೇನು ಹೊಸ ಆಟ ಎಂದು ಇನ್ನೂ ಒಂದು ಹೆಜ್ಜೆ ಮುಂದಿಡುವ ನಾಯಿಗಳೇ ಜಾಸ್ತಿ. ಹಾವಿನ ಕಣ್ಣಿಗೂ ಮೂಗಿಗೂ ನಡುವೆ ಶಾಖ ಗ್ರಹಿಸುವ ಗುಳಿಯೊಂದಿದೆ. ಹಾಗಾಗಿ ಬೆಚ್ಚಗಿನ ಮೂತಿ ಅದಕ್ಕೆ ಕತ್ತಲಲ್ಲೂ ತಪ್ಪುವುದಿಲ್ಲ.

ಇಂಥ ನಾಯಿಗಳಿಗೆಂದೇ 2000ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಲಸಿಕೆ ಬಂತು. ವೆಸ್ಟರ್ನ್ ಡೈಮಂಡ್‌ಬ್ಯಾಕ್ ಎಂಬ ಜಾತಿಯ ರ‍್ಯಾಟಲ್‌ಸ್ನೇಕ್‌ನ ವಿಷವನ್ನೇ ತೆಗೆದು, ಅದರ ಕೇಡು ಕಳೆದು, ನಾಯಿಗೆ ಚುಚ್ಚುವುದು. ಮುಂದೆಂದಾದರೂ ನಿಜವಾದ ಹಾವು ಕಚ್ಚಿದಾಗ ಮೈ ಸಿದ್ಧವಾಗಿರಲಿ ಎಂಬುದು ಲೆಕ್ಕಾಚಾರ. ಕೇಳಿದರೆ ಇಪ್ಪತ್ತೊಂದನೆಯ ಶತಮಾನದ ಯೋಚನೆ ಎನಿಸುತ್ತದೆ. ಅಸಲಿಗೆ ಇದು 1887ರದು. ಆಗ ಚುಚ್ಚಿಸಿಕೊಂಡದ್ದು ಪಾರಿವಾಳ.

ಅದಕ್ಕೂ ಮೊದಲು ಈ ವಿದ್ಯೆಯ ಭಾರ ಹೊತ್ತದ್ದು ನಾಯಿಗಳೇ, ಅದೂ ಪ್ರಯೋಗಾಲಯದ ಮೇಜಿನ ಮೇಲೆ. ಫಿಲಡೆಲ್ಫಿಯಾದ ವೈದ್ಯ ವಿಯರ್ ಮಿಚೆಲ್ ಪೆಟ್ಟಿಗೆಗಳಲ್ಲಿ ರ‍್ಯಾಟಲ್‌ಸ್ನೇಕ್ ಸಾಕಿ, ವಿಷ ಹಿಂಡಿ, 1860ರಲ್ಲಿ ದೊಡ್ಡ ಪ್ರಬಂಧವೊಂದನ್ನು ಪ್ರಕಟಿಸಿದ. ಹಾವು ಕಚ್ಚಿ ಥಟ್ಟನೆ ಸತ್ತ ಪ್ರಾಣಿಯ ರಕ್ತ ಎಂದಿನಂತೆ ಹೆಪ್ಪುಗಟ್ಟುತ್ತದೆ, ನರಳಿ ನರಳಿ ಸತ್ತದ್ದರ ರಕ್ತ ನೀರಾಗಿಯೇ ಉಳಿಯುತ್ತದೆ ಎಂಬುದನ್ನು ಅವನು ಗಮನಿಸಿದ. 1886ರಲ್ಲಿ ರೈಕರ್ಟ್ ಎಂಬ ಸಂಶೋಧಕನ ಜೊತೆ ಸೇರಿ ಇನ್ನೂ ಮುಂದೆ ಹೋದ. ಹಾವಿನ ವಿಷ ಒಂದೇ ಒಂದು ಪದಾರ್ಥವಲ್ಲ, ಹಲವು ಪ್ರೋಟೀನುಗಳ ಬೆರಕೆ ಎಂದು ತೋರಿಸಿಕೊಟ್ಟ. ಮುಂದಿನ ತಲೆಮಾರುಗಳ ತಲೆನೋವೆಲ್ಲ ಈ ಬೆರಕೆಯಲ್ಲೇ ಇತ್ತು.

ಬ್ರೆಜಿಲ್‌ನಲ್ಲಿ ಅಷ್ಟು ತಾಳ್ಮೆ ಇರಲಿಲ್ಲ. 1881ರಲ್ಲಿ ರಿಯೋದ ಲಾಸೆರ್ಡಾ ಎಂಬ ವಿಜ್ಞಾನಿ ನಾಯಿಗಳಿಗೆ ವಿಷ ಚುಚ್ಚಿ, ಕೂಡಲೇ ಅದೇ ಜಾಗಕ್ಕೆ ಪೊಟ್ಯಾಸಿಯಂ ಪರ್ಮಾಂಗನೇಟ್ ಚುಚ್ಚಿದ. ನಮ್ಮೂರುಗಳಲ್ಲಿ ಬಾವಿಗೆ ಹಾಕುತ್ತಿದ್ದ ಅದೇ ನೇರಳೆ ಬಣ್ಣದ ಹರಳು. ನಾಯಿಗಳು ಬದುಕಿದವು. ಚಕ್ರವರ್ತಿ ಎರಡನೆಯ ಪೆಡ್ರೋ ಖುದ್ದಾಗಿ ಬಂದು ನೋಡಿದ. ಮದ್ದು ಸಿಕ್ಕಿಯೇಬಿಟ್ಟಿತು ಎಂದು ಊರೆಲ್ಲ ಸುದ್ದಿ. ಆದರೆ ವಿಷ ಚುಚ್ಚಿದ ಮರುಗಳಿಗೆಯಲ್ಲೇ, ಅದೇ ತೂತಿನಲ್ಲಿ, ಪರ್ಮಾಂಗನೇಟ್ ಹಿಡಿದುಕೊಂಡು ಕಾಯುವವರು ಕಾಡಿನಲ್ಲಿ ಯಾರಿದ್ದಾರೆ? ವಿಷ ಒಮ್ಮೆ ಮೈಗೇರಿತೆಂದರೆ ಆ ಹರಳಿನಿಂದ ಏನೂ ಆಗುವುದಿಲ್ಲ. ಆದರೂ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷರು ಭಾರತದಲ್ಲಿ ಪರ್ಮಾಂಗನೇಟ್ ತುಂಬಿದ ಪುಟ್ಟ ಚೂರಿಗಳನ್ನು ಹಂಚಿದರು. ಗಾಯ ಕುಯ್ದು ಉಜ್ಜಿಕೊಳ್ಳಬೇಕಂತೆ! ಚಕ್ರವರ್ತಿಯ ಎದುರು ನಡೆದ ಪ್ರಯೋಗಕ್ಕೆ ಆಯುಸ್ಸು ಜಾಸ್ತಿ.

ಈಗ ಪಾರಿವಾಳದ ವಿಷಯ. ಹೆನ್ರಿ ಸೆವಾಲ್ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಶರೀರಶಾಸ್ತ್ರದ ಪ್ರಾಧ್ಯಾಪಕ, ಮೂವತ್ತರ ಆಸುಪಾಸಿನ ಯುವಕ. ಪ್ಯಾಸ್ಟರ್‌ನ ಹುಚ್ಚುನಾಯಿ ಲಸಿಕೆ 1885ರಲ್ಲಿ ಜಗತ್ತಿನ ಬಾಯಲ್ಲೆಲ್ಲ ಓಡಾಡಿತ್ತು. ರೋಗಾಣು ಮೈಯಲ್ಲಿ ಮಾಡುವ ಹಾನಿ ಅದು ಉಗುಳುವ ರಾಸಾಯನಿಕದಿಂದಲೇ ಆಗುವುದಾದರೆ, ಹಾವಿನ ವಿಷವೂ ಅಂಥದೇ ಒಂದು ರಾಸಾಯನಿಕ ತಾನೇ, ಅದಕ್ಕೂ ಮೈಯನ್ನು ಒಗ್ಗಿಸಲು ಬರಬೇಕಲ್ಲ ಎಂಬುದು ಸೆವಾಲ್‌ನ ತರ್ಕ. ಮಿಷಿಗನ್ನಿನ ಜೌಗಿನಲ್ಲಿ ಮಸಸಾಗ ಎಂಬ ಗಿಡ್ಡ ರ‍್ಯಾಟಲ್‌ಸ್ನೇಕ್ ಇದೆ, ಆ ರಾಜ್ಯದ ಏಕೈಕ ವಿಷದ ಹಾವು. ಅದರ ವಿಷ ಹಿಂಡಿ ಗ್ಲಿಸರಿನ್‌ನಲ್ಲಿ ಕರಗಿಸಿಟ್ಟ. ಪಾರಿವಾಳ ಆ ವಿಷಕ್ಕೆ ಬೇಗ ಬಲಿಯಾಗುವ ಹಕ್ಕಿ, ಹಾಗಾಗಿ ಅದನ್ನೇ ಆರಿಸಿಕೊಂಡ.

ಮೊದಲು ಹಕ್ಕಿ ಸಾಯಲು ಎಷ್ಟು ವಿಷ ಬೇಕು ಎಂದು ಅಳೆದ. ಆಮೇಲೆ ಅದಕ್ಕಿಂತ ಕಡಿಮೆ ಚುಚ್ಚಿದ. ಹಕ್ಕಿ ಕಾಯಿಲೆ ಬೀಳುತ್ತಿತ್ತು, ಚೇತರಿಸಿಕೊಳ್ಳುತ್ತಿತ್ತು. ಚೇತರಿಸಿಕೊಂಡ ಮೇಲೆ ಮತ್ತೆ, ಈ ಸಲ ತುಸು ಹೆಚ್ಚು. ಹೀಗೆ ಏರಿಸುತ್ತ ಹೋದಂತೆ ಹೊಸ ಹಕ್ಕಿಯನ್ನು ಕೊಲ್ಲುವ ಪ್ರಮಾಣವನ್ನು ಹಳೆಯ ಹಕ್ಕಿ ತಡೆದುಕೊಂಡಿತು. ಕೊನೆಗೆ ಅದರ ಹಲವು ಪಟ್ಟು ವಿಷವನ್ನೂ ಅರಗಿಸಿಕೊಂಡಿತು. ಚುಚ್ಚುವುದನ್ನು ನಿಲ್ಲಿಸಿದರೆ ಆ ಶಕ್ತಿ ಕಾಲಕ್ರಮದಲ್ಲಿ ಕುಂದುತ್ತದೆ ಎಂಬುದನ್ನೂ ಬರೆದಿಟ್ಟ. ಇಂದಿನ ನಾಯಿ ಲಸಿಕೆಯನ್ನು ಮತ್ತೆ ಮತ್ತೆ ಕೊಡಿಸಬೇಕು ಎನ್ನುವುದರ ಹಿಂದೆ ಇರುವುದೂ ಇದೇ ಸಂಗತಿ.

ಒಂದು ಪ್ರಶ್ನೆಯನ್ನು ಮಾತ್ರ ಸೆವಾಲ್ ಕೇಳಲಿಲ್ಲ. ಗಟ್ಟಿಯಾದ ಈ ಪಾರಿವಾಳದ ರಕ್ತ ತೆಗೆದು ಇನ್ನೊಂದು ಪಾರಿವಾಳಕ್ಕೆ ಕೊಟ್ಟರೆ? ಅಷ್ಟರಲ್ಲಿ ಅವನಿಗೇ ಕ್ಷಯ ಹಿಡಿಯಿತು. ಮಿಷಿಗನ್ ಬಿಟ್ಟು ಡೆನ್ವರ್‌ನ ಒಣಹವೆಗೆ ಹೋದ, ಅಲ್ಲೇ ಕ್ಷಯರೋಗದ ವೈದ್ಯನಾಗಿ 1936ರವರೆಗೆ ಬಾಳಿದ. ಹಾವಿನ ಸಹವಾಸ ಅಲ್ಲಿಗೆ ಮುಗಿಯಿತು.

ಆ ಪ್ರಶ್ನೆಯನ್ನು ಬೇರೊಂದು ಕಾಯಿಲೆಯ ವಿಷಯದಲ್ಲಿ ಕೇಳಿದವರು ಬೇರಿಂಗ್ ಮತ್ತು ಕಿತಸಾಟೊ ಎಂಬ ವಿಜ್ಞಾನಿಗಳು. 1890ರಲ್ಲಿ, ಧನುರ್ವಾಯು ತಡೆದುಕೊಂಡ ಪ್ರಾಣಿಯ ರಕ್ತದ ಸೀರಂ ಇನ್ನೊಂದು ಪ್ರಾಣಿಯನ್ನು ಉಳಿಸುತ್ತದೆ ಎಂದು ಅವರು ತೋರಿಸಿದರು. ಮರುವರ್ಷ ವಿಯೆಟ್ನಾಮಿನ ಬಕ್ ಲ್ಯೂ ಎಂಬಲ್ಲಿ ನೆರೆ ಬಂದು, ನಾಗರಹಾವುಗಳು ಊರೊಳಗೆ ನುಗ್ಗಿ ಸುಮಾರು 40 ಜನರನ್ನು ಕಚ್ಚಿದವು, ನಾಲ್ವರು ಸತ್ತರು. ಯಾರೋ ಆ ಹಾವುಗಳನ್ನು ಹಿಡಿದು ಪೀಪಾಯಿಗೆ ತುಂಬಿದರು. ಪೀಪಾಯಿ ಹೋಗಿ ತಲುಪಿದ್ದು ಸೈಗಾನಿನ ಪ್ಯಾಸ್ಟರ್ ಸಂಸ್ಥೆಯ ಆಲ್ಬರ್ಟ್ ಕಾಲ್ಮೆಟ್‌ನ ಮನೆಬಾಗಿಲಿಗೆ. ಮುಂದೆ ಕ್ಷಯಕ್ಕೆ ಬಿಸಿಜಿ ಲಸಿಕೆ ಕಂಡುಹಿಡಿದ ಇಬ್ಬರಲ್ಲಿ ಒಬ್ಬ ಇವನೇ. ನಮ್ಮ ತೋಳಿನ ಮೇಲಿನ ಕಲೆಯಲ್ಲಿ ಅವನ ಹೆಸರೂ ಇದೆ. 1894ರ ಫೆಬ್ರುವರಿಯಲ್ಲಿ ಪ್ಯಾರಿಸ್ಸಿನ ಒಂದೇ ಸಭೆಯಲ್ಲಿ ಕಾಲ್ಮೆಟ್ ಒಂದು ಕಡೆಯಿಂದ, ಫಿಸಾಲಿಕ್ಸ್ ಮತ್ತು ಬರ್ಟ್ರಾಂಡ್ ಎಂಬ ಇಬ್ಬರು ವಿಜ್ಞಾನಿಗಳು ಇನ್ನೊಂದು ಕಡೆಯಿಂದ, ವಿಷನಿರೋಧಕ ಸೀರಂ ಸಾಧ್ಯ ಎಂದು ಸಾರಿದರು. ಮುಂದೆ ಕಾಲ್ಮೆಟ್ ಲೀಲ್ ನಗರದಲ್ಲಿ ಕುದುರೆಗಳಿಗೆ ವಿಷ ಚುಚ್ಚಿ ಸೀರಂ ತಯಾರಿಸತೊಡಗಿದ. ಸೆವಾಲ್‌ನ ಪಾರಿವಾಳ ತನ್ನನ್ನು ತಾನು ಮಾತ್ರ ಉಳಿಸಿಕೊಂಡಿತ್ತು. ಕಾಲ್ಮೆಟ್‌ನ ಕುದುರೆ ಉಳಿದವರನ್ನೂ ಉಳಿಸುವಂತಾಯಿತು.

ಗೆಲುವಿನ ಭರದಲ್ಲಿ ಕಾಲ್ಮೆಟ್ ಒಂದು ಮಾತು ಹೆಚ್ಚಾಗಿಯೇ ಆಡಿದ. ತನ್ನ ನಾಗರಹಾವಿನ ಸೀರಂ ಎಲ್ಲ ಹಾವಿಗೂ ಆಗುತ್ತದೆ ಎಂದುಬಿಟ್ಟ. ಮುಂಬಯಿಯಲ್ಲಿ ಜಾರ್ಜ್ ಲ್ಯಾಂಬ್ ಎಂಬ ವೈದ್ಯ ಪರೀಕ್ಷಿಸಿ ನೋಡಿದರೆ ಕೊಳಕುಮಂಡಲದ ವಿಷದ ಮುಂದೆ ಅದು ಕೆಲಸಕ್ಕೇ ಬರಲಿಲ್ಲ. ಅದಕ್ಕೂ ಮೊದಲೇ ಬ್ರೆಜಿಲ್‌ನ ವೈದ್ಯ ವೀಟಾಲ್ ಬ್ರಾಸಿಲ್ ಇದನ್ನು ಕಂಡುಕೊಂಡಿದ್ದ. ಸಾವ್ ಪೌಲೋ ರಾಜ್ಯದ ಕಾಫಿ ಸೀಮೆಯಲ್ಲಿ ಅವನು ನೋಡುತ್ತಿದ್ದ ಕೂಲಿಯಾಳುಗಳಿಗೆ ಕಚ್ಚುತ್ತಿದ್ದದ್ದು ಅಲ್ಲಿನ ರ‍್ಯಾಟಲ್‌ಸ್ನೇಕ್ ಮತ್ತು ಜರರಾಕ. ಫ್ರಾನ್ಸಿನ ಸೀರಂ ಎರಡಕ್ಕೂ ತಾಕಲಿಲ್ಲ. ಅವನು ಒಂದೊಂದು ಹಾವಿಗೆ ಒಂದೊಂದು ಸೀರಂ ಮಾಡಿಕೊಂಡ. 1901ರಲ್ಲಿ ಆರಂಭವಾದ ಬುಟಾಂಟನ್ ಸಂಸ್ಥೆ ಅದನ್ನೇ ಕಸುಬಾಗಿಸಿಕೊಂಡಿತು. ನನ್ನನ್ನು ಕೇಳಿದರೆ ಈ ಇಡೀ ಕತೆಯ ದೊಡ್ಡ ಆವಿಷ್ಕಾರ ಸೀರಂ ಅಲ್ಲ, ಈ ಸಂಗತಿ: ಹಾವು ಬದಲಾದರೆ ಮದ್ದೂ ಬದಲಾಗಬೇಕು.

ರ‍್ಯಾಟಲ್‌ಸ್ನೇಕ್‌ಗಳ ತವರಾದ ಅಮೆರಿಕದಲ್ಲಿ ಆಗಿನ್ನೂ ಇಂಥ ಸೀರಂ ಮಾರಾಟಕ್ಕೆಂದು ತಯಾರಾಗುತ್ತಿರಲಿಲ್ಲ. 1916ರ ಜನವರಿಯಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಕಾವಲುಗಾರನೊಬ್ಬನಿಗೆ ರ‍್ಯಾಟಲ್‌ಸ್ನೇಕ್ ಕಚ್ಚಿತು. ಸಮ್ಮೇಳನಕ್ಕೆಂದು ಬಂದಿದ್ದ ವೀಟಾಲ್ ಬ್ರಾಸಿಲ್ ಅದೃಷ್ಟಕ್ಕೆ ಊರಲ್ಲೇ ಇದ್ದ, ಸೀರಂ ಕೂಡ ಇತ್ತು. ಕಾವಲುಗಾರ ಬದುಕಿದ. ಅಲ್ಲಿಂದ ಹನ್ನೊಂದು ವರ್ಷಕ್ಕೆ ಪೆನ್ಸಿಲ್ವೇನಿಯಾದಲ್ಲಿ ಬುಟಾಂಟನ್‌ನವನೇ ಆದ ಅಫ್ರಾನಿಯೊ ದೊ ಅಮರಲ್‌ನ ಉಸ್ತುವಾರಿಯಲ್ಲಿ ಉತ್ತರ ಅಮೆರಿಕದ ಹಾವುಗಳ ಸೀರಂ ತಯಾರಾಗತೊಡಗಿತು. ನಾಯಿಗಳಿಗೂ ಇಂದು ಕೊಡುವುದು ಅದೇ ವಂಶದ ಮದ್ದು. ಒಂದು ಬಾಟಲಿಗೇ ನೂರಾರು ಡಾಲರ್, ಕೆಲವೊಮ್ಮೆ ಒಂದು ಸಾಲುವುದಿಲ್ಲ. ಲಸಿಕೆಯ ಹಳೇ ಯೋಚನೆಗೆ ಮತ್ತೆ ಜೀವ ಬಂದದ್ದರಲ್ಲಿ ಈ ಬೆಲೆಯ ಪಾಲೂ ಇದ್ದೀತು.

ಲಸಿಕೆ ಫಲ ಕೊಟ್ಟಿತೇ? 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅದನ್ನು ಇಲಿಗಳಿಗೆ ಕೊಟ್ಟು, ಮೂರು ಬಗೆಯ ರ‍್ಯಾಟಲ್‌ಸ್ನೇಕ್ ವಿಷ ಚುಚ್ಚಿ ನೋಡಿದರು. ಯಾವ ಹಾವಿನಿಂದ ಲಸಿಕೆ ಮಾಡಿದ್ದರೋ ಆ ಡೈಮಂಡ್‌ಬ್ಯಾಕ್ ವಿಷದೆದುರು ರಕ್ಷಣೆ ಕಂಡಿತು. ಉತ್ತರ ಪೆಸಿಫಿಕ್ ಹಾವಿನೆದುರು ಅಷ್ಟಕ್ಕಷ್ಟೆ. ದಕ್ಷಿಣ ಕ್ಯಾಲಿಫೋರ್ನಿಯಾದ ಗುಡ್ಡಗಳಲ್ಲಿ ನಾಯಿಗಳಿಗೆ ಎದುರಾಗುವ ದಕ್ಷಿಣ ಪೆಸಿಫಿಕ್ ಹಾವಿನೆದುರು ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ವೀಟಾಲ್ ಬ್ರಾಸಿಲ್ ಇದನ್ನು ಓದಿದ್ದರೆ ಅಚ್ಚರಿಪಡುತ್ತಿರಲಿಲ್ಲ. ಲಸಿಕೆ ಹಾಕಿಸಿದ್ದೇವೆ, ನೋಡೋಣ ಎಂದು ಕಡಿತ ಬಿದ್ದ ನಾಯಿಯನ್ನು ಮನೆಯಲ್ಲೇ ಇಟ್ಟುಕೊಂಡರೆ ಅದಕ್ಕಿಂತ ಲಸಿಕೆ ಹಾಕಿಸದಿರುವುದೇ ವಾಸಿ ಎಂಬುದು ನನ್ನ ಲೆಕ್ಕ. ಕುಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು, ಐಸ್ ಇಡುವುದು ಯಾವುದೂ ಬೇಡ. ನಡೆಸದೆ ಎತ್ತಿಕೊಂಡು ನೇರ ಆಸ್ಪತ್ರೆಗೆ.

ನಮ್ಮಲ್ಲೂ ಈ ಗಂಟು ಬಿಚ್ಚಿಲ್ಲ. ತೋಟದಲ್ಲಿ ನಾಗರಹಾವಿನ ಜೊತೆ ಜಗಳಕ್ಕೆ ಬಿದ್ದ ನಾಯಿಗೆ ಪಶುವೈದ್ಯರು ಕೊಡುವುದು ಮನುಷ್ಯರಿಗೆಂದು ಕುದುರೆಯಲ್ಲಿ ಮಾಡಿದ ಸೀರಂ. ಅದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಮಾತ್ರ. ಮಲೆನಾಡಿನ ಗುಳಿಮಂಡಲಗಳು ರ‍್ಯಾಟಲ್‌ಸ್ನೇಕ್‌ನ ದಾಯಾದಿಗಳು, ಅವುಗಳ ಮುಖದಲ್ಲೂ ಅದೇ ಶಾಖದ ಗುಳಿ. ಅವುಗಳ ವಿಷಕ್ಕೆಂದು ನಮ್ಮ ದೇಶದಲ್ಲಿ ಪ್ರತ್ಯೇಕ ಸೀರಂ ಇಲ್ಲ. ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗುತ್ತದೆ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯ ತೋರಿಸಿದೆ.

ಹಾವಿನ ಜಾತಿ ಕೇಳದ ಉಪಾಯ ಒಂದಿದೆ, ಕಚ್ಚಿಸಿಕೊಳ್ಳದಿರುವುದು. ಇದಕ್ಕೆ ದಾರಿ ಹಾಕಿದವರು ಪ್ರಯೋಗಾಲಯದವರಲ್ಲ, ನಾಯಿ ಪಳಗಿಸುವವರು. ಬಾಯಿಗೆ ಟೇಪು ಸುತ್ತಿದ, ಇಲ್ಲವೇ ಪಂಜರದಲ್ಲಿಟ್ಟ ನಿಜವಾದ ರ‍್ಯಾಟಲ್‌ಸ್ನೇಕ್ ಮೈದಾನದಲ್ಲಿರುತ್ತದೆ. ನಾಯಿಯ ಕೊರಳಲ್ಲಿ ವಿದ್ಯುತ್ ಪಟ್ಟಿ. ಗಾಳಿ ಹಾವಿನ ಕಡೆಯಿಂದ ನಾಯಿಯ ಕಡೆಗೆ ಬೀಸುವಂತೆ ನೋಡಿಕೊಂಡು ಕರೆತರುತ್ತಾರೆ. ಮೂಗು ವಾಸನೆ ಹಿಡಿದು ಮುಂದೆ ಚಾಚಿದ ಕ್ಷಣವೇ ಪಟ್ಟಿಯಿಂದ ಚುರುಕು. ವಾಸನೆಗೊಂದು ಸಲ, ಗಿಲಕಿಯ ಸದ್ದಿಗೊಂದು ಸಲ, ಕಣ್ಣಿಗೆ ಕಂಡದ್ದಕ್ಕೊಂದು ಸಲ. ಇದು ಕ್ರೌರ್ಯ ಎನ್ನುವವರಿದ್ದಾರೆ, ಪಟ್ಟಿಯಿಲ್ಲದೆ ತಿಂಡಿ ಕೊಟ್ಟೇ ಕಲಿಸುವವರೂ ಇದ್ದಾರೆ. ಊದಿಕೊಂಡ ಮೂತಿಯ ನಾಯಿಯನ್ನು ನೋಡಿದವರು ಪಟ್ಟಿಯ ಕಡೆ ವಾಲುತ್ತಾರೆ. ನಾನೂ ಆ ಕಡೆಯೇ. ಕೊನೆಯ ಪರೀಕ್ಷೆಗೆ ಹಾವನ್ನು ನಡುವೆ ಇಟ್ಟು, ಯಜಮಾನ ಆಚೆ ಬದಿಯಲ್ಲಿ ನಿಂತು ಹೆಸರು ಹಿಡಿದು ಕೂಗುತ್ತಾನೆ. ಕಲಿತ ನಾಯಿ ನೇರವಾಗಿ ಓಡಿ ಬರುವುದಿಲ್ಲ. ದೊಡ್ಡದಾಗಿ ಸುತ್ತು ಹಾಕಿ ಬಂದು ಅವನ ಕಾಲ ಹಿಂದೆ ನಿಲ್ಲುತ್ತದೆ. ಮುಂದಿನ ವರ್ಷ ಮತ್ತೆ ಕರೆತನ್ನಿ ಎಂದು ಹೇಳಿ ಕಳಿಸುತ್ತಾರೆ, ಏಕೆಂದರೆ ಈ ಪಾಠವೂ ಮರೆತುಹೋಗುತ್ತದೆ.