ಯೆಜ್ಡಿಯ ಬಾಗಿಲು ಎಷ್ಟಗಲ?

ಯಲವಿಗಿ ಸ್ಟೇಷನ್ನಿನಿಂದ ಊರೊಳಗೆ ಬರುವ ರಸ್ತೆಯ ಬದಿಗೆ ತಗಡಿನ ಗ್ಯಾರೇಜು. ರೈಲು ಇಳಿದವರು ಚೀಲ ಹೆಗಲಿಗೇರಿಸಿ ಲಕ್ಷ್ಮೇಶ್ವರದ ಬಸ್ಸು ಹುಡುಕುತ್ತಿದ್ದಾರೆ. ಗದಗ–ಯಲವಿಗಿ ರೈಲು ಬೇಕೆಂಬ ಕೂಗು ಹಳೆಯದು; ಸದ್ಯಕ್ಕೆ ಲಕ್ಷ್ಮೇಶ್ವರಕ್ಕೆ ಬಸ್ಸು, ಇಲ್ಲವಾದರೆ ಯಾರದಾದರೂ ಬೈಕು. ಗ್ಯಾರೇಜಿನೊಳಗೆ ಗೋಣಿತಟ್ಟಿನ ಮೇಲೆ ಪೆಟ್ರೋಲಿನಲ್ಲಿ ತೊಳೆದ ಯೆಜ್ಡಿ ರೋಡ್‌ಕಿಂಗ್ ಬೈಕಿನ ಬ್ಲಾಕು, ಪಿಸ್ಟನ್ನು. ಸರ್ಕ್ಲಿಪ್ಪುಗಳು ಕಳೆಯಬಾರದೆಂದು ಎಣ್ಣೆ ಡಬ್ಬಿಯ ಮುಚ್ಚಳದಲ್ಲಿ ಇಟ್ಟಿದೆ.

“ಕಾಕಾ, ಇನ್‌ಟೇಕ್ ಪೋರ್ಟ್ ದೊಡ್ಡದ ಮಾಡ್ರಿ. ಗಾಡಿ ಹಾರಬೇಕು ನೋಡ್ರಿ,” ಅನ್ನುತ್ತಾನೆ ಹುಡುಗ.

“ಹಾರಿ ಎಲ್ಲಿಗೆ ಹೋಗಾಂವಪಾ ತಮ್ಮಾ? ಸವಣೂರಿಗೆ?” ಮಿಸ್ತ್ರಿ ತಲೆ ಎತ್ತುವುದಿಲ್ಲ. ಬ್ಲಾಕನ್ನು ಬೆಳಕಿಗೆ ಹಿಡಿದು ಒಳಗೆ ಬೆರಳಾಡಿಸುತ್ತಾನೆ.

ಈ ಗಾಡಿ ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ್ದು. 1961ರಲ್ಲಿ ಆರಂಭವಾದ ಕಾರ್ಖಾನೆ 1996ಕ್ಕೆ ಬಾಗಿಲು ಹಾಕಿತು. ಅಲ್ಲಿಂದ ಹೊರಬಿದ್ದ ಗಾಡಿಗಳು ಮಾತ್ರ ಇನ್ನೂ ಹೊಗೆ ಉಗುಳುತ್ತ ಓಡುತ್ತಿವೆ. 65 ಮಿಲಿಮೀಟರ್ ಬೋರು, 75 ಮಿಲಿಮೀಟರ್ ಸ್ಟ್ರೋಕು, ಹೆಚ್ಚುಕಡಿಮೆ 250 ಸಿಸಿ. ಎಂಜಿನ್ನಿನಲ್ಲಿ ವಾಲ್ವ್ ಎಂಬುದಿಲ್ಲ, ಪಿಸ್ಟನ್ನೇ ಬಾಗಿಲು ಕಾಯುತ್ತದೆ. ಪಿಸ್ಟನ್ ಮೇಲೇರಿದಾಗ ಕೆಳಗಿನ ಕ್ರ್ಯಾಂಕ್‌ಕೇಸಿನಲ್ಲಿ ಸೆಳೆತ ಹುಟ್ಟುತ್ತದೆ. ಪಿಸ್ಟನ್ನಿನ ಸ್ಕರ್ಟಿನ ಕೆಳ ಅಂಚು ಇನ್‌ಟೇಕ್ ಪೋರ್ಟಿನ ಹೊಸ್ತಿಲು ದಾಟಿದ ಗಳಿಗೆಗೆ ಕಾರ್ಬ್ಯುರೇಟರಿನಿಂದ ಗಾಳಿ, ಪೆಟ್ರೋಲು, ಆಯಿಲು ಒಟ್ಟಿಗೆ ಒಳನುಗ್ಗುತ್ತವೆ. ಪಿಸ್ಟನ್ ಕೆಳಗಿಳಿಯುವಾಗ ಅದೇ ಅಂಚು ಪೋರ್ಟನ್ನು ಮುಚ್ಚುತ್ತದೆ.

ಇಲ್ಲಿರುವ ತೊಡಕು ಹುಡುಗ ಮೊಬೈಲಿನಲ್ಲಿ ನೋಡಿಬಂದ ವಿಡಿಯೋದಲ್ಲಿ ಇರಲಿಕ್ಕಿಲ್ಲ. ಪಿಸ್ಟನ್ ತುದಿ ಮುಟ್ಟುವುದಕ್ಕೆ ಎಷ್ಟು ಡಿಗ್ರಿ ಮುಂಚೆ ಪೋರ್ಟ್ ತೆರೆಯುತ್ತದೋ, ತುದಿ ದಾಟಿದ ಮೇಲೆ ಅಷ್ಟೇ ಡಿಗ್ರಿಗೆ ಮುಚ್ಚುತ್ತದೆ. ಬೇಗ ತೆರೆಯಲೆಂದು ಹೊಸ್ತಿಲು ತಗ್ಗಿಸಿದರೆ ಮುಚ್ಚುವುದೂ ತಡವಾಗುತ್ತದೆ. ವೇಗದಲ್ಲಿ ಅದು ಲಾಭವೇ. ಒಳನುಗ್ಗುವ ಗಾಳಿಗೆ ತನ್ನದೇ ಓಟವಿರುತ್ತದೆ, ಪಿಸ್ಟನ್ ಇಳಿಯತೊಡಗಿದರೂ ಇನ್ನಷ್ಟು ತುಂಬಿಕೊಳ್ಳುತ್ತದೆ. ನಿಧಾನಕ್ಕೆ ಹೋಗುವಾಗ ಆ ಓಟ ಇರುವುದಿಲ್ಲ. ಒಳಬಂದದ್ದನ್ನು ಪಿಸ್ಟನ್ನೇ ವಾಪಸು ತಳ್ಳುತ್ತದೆ, ಕಾರ್ಬ್ಯುರೇಟರಿನ ಬಾಯಲ್ಲಿ ಪೆಟ್ರೋಲಿನ ಮಂಜು ಕಾಣುತ್ತದೆ, ಏರ್‌ಫಿಲ್ಟರ್ ತೊಯ್ಯುತ್ತದೆ. ಹಿಂದೆ ಒಬ್ಬರನ್ನು ಕೂರಿಸಿ, ಮುಂದೆ ಟ್ಯಾಂಕಿನ ಮೇಲೊಂದು ಚೀಲ ಇಟ್ಟುಕೊಂಡು ಹೊರಟವನಿಗೆ ಇದರಿಂದ ಏನು ಸುಖ?

ಪಕ್ಕದಲ್ಲಿ ನಿಂತ ಆರ್‌ಎಕ್ಸ್ 100ಕ್ಕೆ ಈ ಕಾಟವಿಲ್ಲ. ಯಮಹಾದವರು ಅದರ ಬಾಯಿಗೆ ರೀಡ್ ವಾಲ್ವ್ ಇಟ್ಟಿದ್ದಾರೆ. ತೆಳ್ಳನೆಯ ಪತ್ತಿ ಒಳಕ್ಕೆ ಬಾಗುತ್ತದೆ, ಹೊರಕ್ಕೆ ಬಿಡುವುದಿಲ್ಲ.

“ಹಂಗಾರ ಹೊಸ್ತಲಾ ಬಿಟ್ಟು ಬರೇ ಅಗಲ ಮಾಡ್ರಿ.”

“ಮಾಡಬಹುದು. ಟೈಮಿಂಗ್ ಕೆಡೂದಿಲ್ಲ, ಗಾಳಿ ಜಾಸ್ತಿ ಬರತೈತಿ. ಆದ್ರ ಪಿಸ್ಟನ್ನಿಗೆ ಬೆನ್ನು ಆನಸಾಕ ಗ್ವಾಡಿ ಬೇಕಲ್ಲೋ? ಪೋರ್ಟ್ ಭಾಳ ಅಗಲಾದ್ರ ಸ್ಕರ್ಟ್ ಸವದು ಗಡಗಡ ಅನ್ನಾಕ ಹತ್ತತೈತಿ.”

ಮಾತಾಡುತ್ತಲೇ ಗ್ಯಾಸ್ಕೆಟ್ಟನ್ನು ಪೋರ್ಟಿನ ಹೊರಬಾಯಿಗೆ ಇಟ್ಟು ತೋರಿಸುತ್ತಾನೆ. ಎರಕದ ಅಂಚು ಗ್ಯಾಸ್ಕೆಟ್ಟಿನ ತೂತಿಗಿಂತ ಒಳಗೆ ಚಾಚಿಕೊಂಡಿದೆ, ಉಗುರಿಗೆ ಸಿಗುವಷ್ಟು. ಗಾಳಿ ಬಂದು ಡಿಕ್ಕಿ ಹೊಡೆಯುವುದು ಅಲ್ಲಿಗೇ. ಸಣ್ಣ ಗ್ರೈಂಡರಿಗೆ ಬರ್ ಸಿಕ್ಕಿಸಿ ಅದಷ್ಟನ್ನೇ ಸವರಿದ. ಬೂದುಬಣ್ಣದ ಪುಡಿ ಅಂಗೈ ಮೇಲೆ ಉದುರಿತು. ಮತ್ತೆ ಬೆರಳಿಟ್ಟು ನೋಡಿದ, ಎಲ್ಲೂ ತಡೆಯಲಿಲ್ಲ. ಹೊಸ್ತಿಲನ್ನು ಮುಟ್ಟಲಿಲ್ಲ.

ಇದೇ ಲೆಕ್ಕಾಚಾರ ದೊಡ್ಡದಾಗಿ ನಡೆಯುವುದು ರೋಟರಿ ಎಂಜಿನ್ನಿನಲ್ಲಿ. ಅಲ್ಲೂ ವಾಲ್ವ್ ಇಲ್ಲ. ಮುಮ್ಮೂಲೆಯ ರೋಟರು ತಿರುಗುತ್ತಲೇ ಪೋರ್ಟುಗಳನ್ನು ತೆರೆದು ಮುಚ್ಚುತ್ತದೆ. ಮಜ್ದಾ ಆರ್‌ಎಕ್ಸ್-7 ಕಾರಿನಲ್ಲಿ ಇನ್‌ಟೇಕ್ ಪೋರ್ಟುಗಳು ಪಕ್ಕದ ಗೋಡೆಯಲ್ಲಿವೆ. ಅವನ್ನೇ ತುಸು ಹಿಗ್ಗಿಸಿದರೆ ಸ್ಟ್ರೀಟ್ ಪೋರ್ಟು, ದಿನಬಳಕೆಗೆ ಅಡ್ಡಿಯಿಲ್ಲ. ಪಕ್ಕದಲ್ಲಿ ಹುಬ್ಬಿನಾಕಾರದ ಇನ್ನೊಂದು ಕಿಂಡಿ ಕೊರೆದು, ರೋಟರಿನ ಮೂಲೆಯ ಸೀಲು ಬೀಳದಂತೆ ನಡುವೆ ಕಿರುಸೇತುವೆ ಉಳಿಸಿದರೆ ಬ್ರಿಡ್ಜ್ ಪೋರ್ಟು. ಇವೆಲ್ಲ ಮುಚ್ಚಿ, ರೋಟರ್ ಸುತ್ತುವ ಹೊರಗೋಡೆಗೇ ನೇರ ತೂತು ಹಾಕಿದರೆ ಪೆರಿಫೆರಲ್ ಪೋರ್ಟು. ಅದು ನಿಧಾನಗತಿಯಲ್ಲಿ ಕುಂಟುತ್ತದೆ, ಪೆಟ್ರೋಲು ಕುಡಿಯುತ್ತದೆ. ವೇಗ ಸಿಕ್ಕರೆ ಅದನ್ನು ಹಿಡಿಯುವವರಿಲ್ಲ. 1991ರಲ್ಲಿ ಫ್ರಾನ್ಸಿನ ಲ ಮಾನ್‌ನಲ್ಲಿ 24 ತಾಸಿನ ರೇಸು ಗೆದ್ದ ಮಜ್ದಾ 787ಬಿ ಕಾರಿನ ನಾಲ್ಕು ರೋಟರಿನ ಎಂಜಿನ್ನಿಗೆ ಇದ್ದದ್ದು ಇದೇ ಪೋರ್ಟು.

ರೋಟರಿ ನಮಗೆ ತೀರ ಪರಕೀಯವೂ ಅಲ್ಲ. ಬೆಂಗಳೂರಿನ ಎನ್‌ಎಎಲ್, ಎಡಿಇ ಮತ್ತು ಅಂದಿನ ಅಹ್ಮದ್‌ನಗರದ ವಿಆರ್‌ಡಿಇ ಸಂಶೋಧನಾ ಸಂಸ್ಥೆಗಳು ಸೇರಿ ‘ನಿಶಾಂತ್’ ಎಂಬ ಪೈಲಟ್‌ರಹಿತ ವಿಮಾನಕ್ಕೆ 55 ಅಶ್ವಶಕ್ತಿಯ ವಾಂಕೆಲ್, ಅಂದರೆ ಇದೇ ರೋಟರಿ ಎಂಜಿನ್ ಮಾಡಿದವು. ತೂಕ ಸುಮಾರು 30 ಕಿಲೋ. 2009ರ ಏಪ್ರಿಲ್‌ನಲ್ಲಿ ಕೋಲಾರದ ಬಳಿ ಆ ಎಂಜಿನ್ ಹೊತ್ತ ನಿಶಾಂತ್ ಮೊದಲ ಸಲ ಹಾರಿತು. ವಿಮಾನದ ಎಂಜಿನ್ನಿಗೆ ರೈಲ್ವೆ ಗೇಟಿನ ಮುಂದೆ ನಿಂತು ಗುರುಗುಡುವ ಕೆಲಸವಿಲ್ಲ. ಯಲವಿಗಿಯ ಯೆಜ್ಡಿಗೆ ದಿನಕ್ಕೆ ಹಲವು ಬಾರಿ ಅದೇ ಕೆಲಸ.

ಹುಡುಗನ ಮುಖ ಇನ್ನೂ ಸಪ್ಪಗೇ ಇತ್ತು. ಮಿಸ್ತ್ರಿ ಗುಜರಿ ಡಬ್ಬಿಯಿಂದ ಹಳೆಯ ಪಿಸ್ಟನ್ ಒಂದನ್ನು ತೆಗೆದು ಅವನ ಕೈಗಿಟ್ಟ. “ಅಷ್ಟ ಹುಕಿ ಇದ್ರ ಇನ್ನೊಂದ ಪಿಸ್ಟನ್ ತಗೊಂಡ ಬಾ. ಇದರ ಸ್ಕರ್ಟ್ ಕೊಯ್ದಂಗ ಅದನ್ನೂ ಒಂದ ಮಿಲಿಮೀಟರ್ ಕೊಯ್ದ ಕೊಡ್ತೇನಿ, ಹದಿನೈದ ದಿನಾ ಓಡಿಸಿ ನೋಡು. ಹೊಸ್ತಲಾ ತಗ್ಗಿಸಿದ್ರೂ ಅಷ್ಟ, ಸ್ಕರ್ಟ್ ಕೊಯ್ದ್ರೂ ಅಷ್ಟ. ಮನಸಿಗೆ ಬರಲಿಲ್ಲಂದ್ರ ಪಿಸ್ಟನ್ ಒಗದ ಬಿಡು. ಬ್ಲಾಕ್ ಕೊರದ ಮ್ಯಾಲೆ ತಿರುಗಿ ತುಂಬಾಕ ಬರಂಗಿಲ್ಲ.”

ಮಿಸ್ತ್ರಿಯ ತೀರ್ಪಿಗೆ ನನ್ನ ಸಹಿಯೂ ಇದೆ. ಊರೊಳಗೆ, ಎರೆಹೊಲದ ದಾರಿಯಲ್ಲಿ, ಇಬ್ಬರು ಕೂತು ಓಡಾಡುವ ಗಾಡಿಗೆ ಅಂಚು ಸವರಿದ ಪೋರ್ಟೇ ಸಾಕು. ಉಳಿದ ದುಡ್ಡು ಒಳ್ಳೆಯ ಆಯಿಲಿಗೂ ಹೊಸ ರಿಂಗಿಗೂ ಹೋಗಲಿ. ಆದರೂ ಕೊರೆಸಲೇಬೇಕೆಂದು ಹೊರಟವರು ಒಂದು ಕೆಲಸ ಮಾಡಿ: ಬ್ಲಾಕಿನೊಳಗೆ ಬಿಳಿ ಕಾಗದ ಸುತ್ತಿಟ್ಟು, ಪೋರ್ಟುಗಳ ಅಂಚಿನ ಮೇಲೆ ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ. ಅದರ ಮೇಲೆ ತಾರೀಖು ಬರೆದು, ಆರ್‌ಸಿ ಪುಸ್ತಕದೊಳಗೆ ಇಟ್ಟುಕೊಳ್ಳಿ. ಗ್ರೈಂಡರ್ ಆಮೇಲೆ ಹಚ್ಚಿಸಿ.