ಕುಮ್ಮಟದ ಕುದುರೆ: ಅಶ್ವಾರೋಹಿ ಇತಿಹಾಸ ಪ್ರದರ್ಶನಗಳಲ್ಲಿ ನೈಜತೆಯ ಪ್ರಶ್ನೆ

ಕೊಪ್ಪಳ ಜಿಲ್ಲೆಯ ಪ್ರಾಚೀನ ವೀರರನ್ನು ಉತ್ಸವಗಳ ಮೆರವಣಿಗೆಯಲ್ಲಾಗಲಿ, ರಂಗದ ಮೇಲಾಗಲಿ ತೋರಿಸುವ ಪ್ರಸಂಗ ಬಂದಾಗ ಮೊದಲು ನೆನಪಾಗುವವನು ಗಂಗಾವತಿ ಸೀಮೆಯ ಕುಮ್ಮಟದುರ್ಗದ ಕುಮಾರರಾಮ. ಅವನೊಡನೆ ಅವನ ಕುದುರೆ ಬೊಲ್ಲನೂ ನೆನಪಾಗುತ್ತದೆ. ಜರತಾರಿಯ ಜೂಲು, ಹೊಳೆಯುವ ಹಣೆಪಟ್ಟಿ ಹಾಗೂ ಎತ್ತರದ ಕುದುರೆ ಇದ್ದರೆ ಚಿತ್ರ ಪೂರ್ಣವಾಯಿತೆಂಬ ಭಾವನೆ ಸಂಘಟಕರಲ್ಲಿಯೂ ಪ್ರೇಕ್ಷಕರಲ್ಲಿಯೂ ಇದೆ. ಆದರೆ ಈ ಚಿತ್ರ ಯಾವ ಕಾಲದ್ದು ಎಂಬ ಪ್ರಶ್ನೆಯನ್ನು ಎತ್ತಿದ ಕೂಡಲೆ ತೊಡಕು ಆರಂಭವಾಗುತ್ತದೆ.

ಕಂಪಿಲಿ ರಾಜ್ಯ ದೆಹಲಿಯ ಮುಹಮ್ಮದ್ ಬಿನ್ ತುಘಲಕನ ಸೈನ್ಯಕ್ಕೆ ಸೋತು ಅಳಿದದ್ದು 1327ರ ಸುಮಾರಿಗೆ. ಆಶ್ರಯ ಬೇಡಿ ಬಂದವನನ್ನು ಕಂಪಿಲರಾಯ ಒಪ್ಪಿಸಲು ನಿರಾಕರಿಸಿದ್ದನ್ನು, ಅಂತಃಪುರದ ಸ್ತ್ರೀಯರ ಅಗ್ನಿಪ್ರವೇಶವನ್ನು ಇಬ್ನ್ ಬತೂತ ತನ್ನ ಪ್ರವಾಸ ಕಥನದಲ್ಲಿ ಹೇಳಿದ್ದಾನೆ. ಕುದುರೆಯ ಸಾಜಿನ ವಿವರಗಳಿಗೆ ಅವನ ಕಥನ ಒದಗುವುದಿಲ್ಲ. ಬೊಲ್ಲನನ್ನು ಕನ್ನಡದ ಜನಮನದಲ್ಲಿ ನೆಲೆಗೊಳಿಸಿದವು ಕಾವ್ಯ ಮತ್ತು ಜನಪದ ಹಾಡುಗಳು. ಅವುಗಳಲ್ಲಿ ಪ್ರಮುಖವಾದ ಕೃತಿಯ ಕರ್ತೃ ನಂಜುಂಡ ಕವಿ 16ನೆಯ ಶತಮಾನದವನೆಂಬುದು ವಿದ್ವಾಂಸರ ಅಭಿಪ್ರಾಯ. ಅಂದರೆ ವೀರನಿಗೂ ಕವಿಗೂ ನಡುವೆ ಸುಮಾರು ಎರಡು ಶತಮಾನಗಳ ಅಂತರವಿದೆ. ಕವಿ ಕಣ್ಣಾರೆ ಕಂಡಿರಬಹುದಾದ ಕುದುರೆಗಳು ವಿಜಯನಗರದ ಉಚ್ಛ್ರಾಯ ಕಾಲದವು.

ಆ ಕಾಲದ ಕುದುರೆಗಳ ಬಗೆಗೆ ಆಧಾರಗಳು ಹೇರಳವಾಗಿವೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಮಹಾನವಮಿಯ ಬಳಿಕ ನಡೆದ ಸೇನಾ ಪರಿವೀಕ್ಷಣೆಯನ್ನು ನಿಧಾನವಾಗಿ ಬಣ್ಣಿಸಿದ್ದಾನೆ. ಕುದುರೆಗಳ ಹಣೆಯ ಮೇಲೆ ಬೆಳ್ಳಿಯ ಮತ್ತು ಚಿನ್ನದ ಲೇಪವಿರುವ ಫಲಕಗಳು, ಹುರಿ ಹಾಕಿದ ರೇಷ್ಮೆಯ ಕುಚ್ಚುಗಳು, ಕೆಲವಕ್ಕೆ ಸರ್ಪ ಮುಂತಾದ ಪ್ರಾಣಿಗಳ ಶಿರಸ್ಸುಗಳು ಇದ್ದವು. ಸವಾರರದು ಹಸಿ ಚರ್ಮದ ಪದರಗಳ ನಡುವೆ ಲೋಹದ ತಗಡು ಸೇರಿಸಿದ, ಮೇಲೆ ಮಖಮಲ್ಲು ಹೊದಿಸಿದ ಅಂಗಿ. ಕುತ್ತಿಗೆಯನ್ನು ಮುಚ್ಚುವ ಶಿರಸ್ತ್ರಾಣ. ಸೊಂಟದಲ್ಲಿ ಕತ್ತಿ ಹಾಗೂ ಕಿರುಗೊಡಲಿ. ಇಂದಿನ ಮೆರವಣಿಗೆಗಳಲ್ಲಿ ಕಾಣುವ ವೈಭವದ ಅಶ್ವ ಇಲ್ಲಿಂದಲೇ ಬಂದದ್ದು. ಅದನ್ನು ನೇರವಾಗಿ 1327ರ ಕುಮ್ಮಟಕ್ಕೆ ಒಯ್ಯುವುದು ಕಾಲವ್ಯತ್ಯಾಸದ ದೋಷವೇ ಸರಿ. ಆದರೆ ಅದೇ ಕುದುರೆಯನ್ನು ನಂಜುಂಡನ ಕಾಲದವರು ಕಲ್ಪಿಸಿಕೊಂಡ ಬೊಲ್ಲನೆಂದು ತೋರಿಸಿದರೆ ದೋಷವಿಲ್ಲ. ಐತಿಹಾಸಿಕ ಕುಮಾರರಾಮನನ್ನು ತೋರಿಸುತ್ತಿದ್ದೇವೆಯೋ, ಕಾವ್ಯದ ಕುಮಾರರಾಮನನ್ನೋ ಎಂಬುದನ್ನು ಪ್ರದರ್ಶನ ಮೊದಲೇ ತಿಳಿಸಬೇಕು. ಈ ಎರಡನ್ನು ಬೆರೆಸಿ 'ನೈಜ' ಎಂದು ಕರೆಯುವುದರಿಂದಲೇ ಗೊಂದಲ ಹುಟ್ಟುತ್ತದೆ.

ಐತಿಹಾಸಿಕ ಕುಮ್ಮಟವೇ ಬೇಕೆನ್ನುವವರು ಪಾಯೆಸನನ್ನು ಬಿಟ್ಟು ಕಲ್ಲುಗಳ ಕಡೆ ತಿರುಗಬೇಕಾಗುತ್ತದೆ. ಹಂಪಿಯ ಮಹಾನವಮಿ ದಿಬ್ಬದ ಕೆಳಗಿನ ಕಣಶಿಲೆಯ ಭಾಗವನ್ನು ವಿದ್ವಾಂಸರು ಅದರ ಅತ್ಯಂತ ಹಳೆಯ ಹಂತವೆಂದು ಗುರುತಿಸುತ್ತಾರೆ. ಕಾಲದ ದೃಷ್ಟಿಯಿಂದ ಅಲ್ಲಿನ ಕುದುರೆಗಳ ಉಬ್ಬುಶಿಲ್ಪಗಳು ಕುಮ್ಮಟಕ್ಕೆ ಪಾಯೆಸನಿಗಿಂತ ಹತ್ತಿರದವು. 15ನೆಯ ಶತಮಾನದ ಹಜಾರರಾಮ ದೇವಾಲಯದ ಪ್ರಾಕಾರದ ಮೇಲಿನ ಅಶ್ವಸಾಲು ಅನಂತರದ್ದು. ಇನ್ನು ಹಿಂದಕ್ಕೆ ಹೋದರೆ, ಶಾಸನಗಳಲ್ಲಿ ಎರಂಬರಗೆ ಎನಿಸಿಕೊಂಡ ಯಲಬುರ್ಗಾದಿಂದ ಆಳಿದ ಸಿಂದರ ಕಾಲದ ಉತ್ತರ ಕರ್ನಾಟಕದ ವೀರಗಲ್ಲುಗಳಿವೆ. ಆದರೆ ಇಲ್ಲೊಂದು ಎಚ್ಚರಿಕೆ ಅಗತ್ಯ. ವೀರಗಲ್ಲಿನ ಶಿಲ್ಪಿ ವೀರನನ್ನು ದೊಡ್ಡದಾಗಿ, ಕುದುರೆಯನ್ನು ಚಿಕ್ಕದಾಗಿ ಕೆತ್ತುವುದು ಸಂಪ್ರದಾಯ. ಅದರಿಂದ ತಳಿಯ ಎತ್ತರವನ್ನು ಅಳೆಯಲಾಗದು. ಜೀನು, ಕಡಿವಾಣ, ಅಂಕವಣಿ ಅಥವಾ ರಿಕಾಪು ಮತ್ತು ಸವಾರ ಕುಳಿತ ಭಂಗಿಯನ್ನು ಮಾತ್ರ ಅವು ತಕ್ಕಮಟ್ಟಿಗೆ ತಿಳಿಸಬಲ್ಲವು.

ಆಯುಧದ ವಿಷಯದಲ್ಲೂ ಇಷ್ಟೇ ಜಾಗರೂಕತೆ ಬೇಕು. ಬಹಮನಿ ಸುಲ್ತಾನರ ಮೇಲುಗೈಗೆ ಅವರ ಉತ್ತಮ ಕುದುರೆಗಳೂ ಬಿಲ್ಲಾಳುಗಳೂ ಕಾರಣವೆಂದು ತಿಳಿದು ಇಮ್ಮಡಿ ದೇವರಾಯ (1424-1446) ಮುಸಲ್ಮಾನ ಯೋಧರನ್ನು ಸೈನ್ಯಕ್ಕೆ ಸೇರಿಸಿಕೊಂಡನೆಂದು ಫರಿಶ್ತಾ ಬರೆದಿದ್ದಾನೆ. ಕುಮ್ಮಟದ ಪತನವಾಗಿ ಶತಮಾನ ಕಳೆದ ಮೇಲೂ ವಿಜಯನಗರದ ಅರಸನಿಗೆ ಈ ಕೊರತೆ ಇತ್ತೆಂದಾದರೆ, ಕುಮಾರರಾಮನ ಬೆನ್ನಿಗೆ ಕುದುರೆಯೇರಿದ ಬಿಲ್ಲಾಳುಗಳ ದಂಡನ್ನು ನಿಲ್ಲಿಸುವ ಮುನ್ನ ಎರಡು ಬಾರಿ ಯೋಚಿಸಬೇಕು.

ಕುದುರೆಯ ತಳಿ ಮತ್ತಷ್ಟು ಕಠಿಣವಾದ ವಿಷಯ. ವಿಜಯನಗರದ ಅರಸ ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ನೂನಿಜ್ ಹೇಳುತ್ತಾನೆ. ಅವುಗಳಲ್ಲಿ ಒರ್ಮುಜಿನಿಂದ ಬಂದವೂ ದೇಶೀಯವೂ ಇದ್ದವು. ಸಾಳುವ ನರಸಿಂಹ ಸಾವಿರ ಪರ್ದಾವ್‌ಗೆ ಮೂರರಂತೆ ಕೊಳ್ಳುತ್ತ, ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಪೂರ್ಣ ಬೆಲೆ ತೆರುತ್ತಿದ್ದನೆಂಬುದೂ ಅವನದೇ ವರದಿ. (ಆ ಬೆಲೆಯಲ್ಲಿ ಅರಸನ ಭಯವೂ ಸೇರಿತ್ತೆಂದು ತಿಳಿಯಬಹುದು.) ಇಂದು ಸುಲಭವಾಗಿ ದೊರೆಯುವುದು ರೇಸಿನಿಂದ ನಿವೃತ್ತವಾದ ಥರೋಬ್ರೆಡ್. ಈ ತಳಿ ಇಂಗ್ಲೆಂಡಿನಲ್ಲಿ ರೂಪುಗೊಂಡದ್ದು 17-18ನೆಯ ಶತಮಾನಗಳಲ್ಲಿ. ಅದು ಅರಬ್ಬಿ ಕುದುರೆಗಿಂತ ಸಾಮಾನ್ಯವಾಗಿ ಎತ್ತರ. ಅದರ ಮೇಲೆ ಎಷ್ಟೇ ಶುದ್ಧವಾದ ಜೂಲು ಹೊದಿಸಿದರೂ ಕುಮ್ಮಟದ ಕುದುರೆಯಾಗದು. ಈ ದೃಷ್ಟಿಯಿಂದ ಬಿದಿರು ಬಟ್ಟೆಗಳ ಕೀಲುಕುದುರೆ ಹೆಚ್ಚು ಪ್ರಾಮಾಣಿಕ: ತಾನು ನಿಜವಾದ ಕುದುರೆಯೆಂದು ಅದು ಹೇಳಿಕೊಳ್ಳುವುದೇ ಇಲ್ಲ.

ಕೊಪ್ಪಳದ ಕೋಟೆಯಲ್ಲಿ 1858ರಲ್ಲಿ ಬ್ರಿಟಿಷರನ್ನು ಎದುರಿಸಿ ಮಡಿದ ಮುಂಡರಗಿ ಭೀಮರಾಯನನ್ನು ಚಿತ್ರಿಸುವಾಗ ಈ ಕಷ್ಟ ಕಡಿಮೆ. ಆ ಕಾಲದ ಜೀನು, ಬಂದೂಕುಗಳ ಮಾದರಿಗಳು ವಸ್ತುಸಂಗ್ರಹಾಲಯಗಳಲ್ಲಿ ಉಳಿದಿವೆ.

ಆದರೆ ಉಳಿದು ಬಂದದ್ದೆಲ್ಲ ಬಳಸಲು ಯೋಗ್ಯವಲ್ಲ. ಭಾರತದ ಹಳೆಯ ಸಾಜುಗಳಲ್ಲಿ ಕುದುರೆಯ ಬಾಯಿಯನ್ನು ಗಾಯಗೊಳಿಸುವ ಮುಳ್ಳುಕಡಿವಾಣವೂ ಒಂದು. ಪ್ರಾಣಿಹಿಂಸೆಯನ್ನು ತಡೆಯಲು 1965ರಲ್ಲಿ ರೂಪಿಸಿದ ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳ ನಿಯಮಗಳು ಅದನ್ನು ನಿಷೇಧಿಸಿವೆ. ಕಾಲಕ್ಕೆ ನಿಷ್ಠವಾದುದೆಂಬ ಕಾರಣಕ್ಕೆ ಅದನ್ನು ಮೆರವಣಿಗೆಯ ಕುದುರೆಗೆ ತೊಡಿಸುವಂತಿಲ್ಲ. ಅದರ ಸ್ಥಾನ ಗಾಜಿನ ಪೆಟ್ಟಿಗೆ. ಮೆರವಣಿಗೆಗೆ ಮುಳ್ಳಿಲ್ಲದ ಸಾದಾ ಕಡಿವಾಣವೇ ಸಾಕು.