ಹಸ್ತಪ್ರತಿಯ ಅಂಚಿನಲ್ಲಿ

ಕಕ್ಕಡ ಮಾಸದ ಮಳೆಯು ವಿರಾಜಪೇಟೆಯ ಮೇಲೆ ಹಗಲಿರುಳೆನ್ನದೆ ಸುರಿಯುತ್ತಿರುವಾಗ, ನಾಟಿಯ ಗದ್ದೆಯಿಂದ ಹಿಂದಿರುಗಿದವರು ಸಂಜೆಗೇ ಬಾಗಿಲು ಹಾಕಿಕೊಂಡು ಒಲೆಯ ಬಳಿ ಸೇರುವ ಹೊತ್ತಿನಲ್ಲಿ, ಗಡಿಯಾರ ಕಂಬಕ್ಕೆ ಅನತಿದೂರದ ಒಂದು ಮನೆಯ ಮಹಡಿಯ ಮೇಲೆ ನಾವು ಐದು ಮಂದಿ ಒಂದು ಚಿತ್ರಕಥೆಯ ಹಸ್ತಪ್ರತಿಯನ್ನು ನಡುವೆ ಇರಿಸಿಕೊಂಡು ಕುಳಿತಿದ್ದೆವು. ಬರೆದವನು ಸಮೀಪದ ಗ್ರಾಮವೊಂದರ ತರುಣ. ಕಾಫಿ ತೋಟದ ಲೆಕ್ಕಪತ್ರ ನೋಡಿಕೊಳ್ಳುವುದು ಅವನ ಉದ್ಯೋಗ, ಸಿನಿಮಾ ಅವನ ಧ್ಯಾನ. ಕೇಳಲು ಕುಳಿತವರಲ್ಲಿ ಒಬ್ಬರು ನಿವೃತ್ತ ಉಪಾಧ್ಯಾಯರು, ಒಬ್ಬರು ಕತೆಗಾರ್ತಿ, ಇನ್ನೊಬ್ಬರು ಧಾರವಾಡದ ಕಡೆಯಿಂದ ವರ್ಗವಾಗಿ ಬಂದು, ಬ್ಯಾಂಕಿನ ಕೆಲಸದ ನಡುವೆಯೂ ನಾಟಕ ಬರೆದು ಆಡಿಸಿದವರು, ಉಳಿದವನು ನಾನು. ಪ್ರತಿಯೊಬ್ಬರ ಕೈಯಲ್ಲಿಯೂ ಒಂದು ಪ್ರತಿ, ಒಂದು ಪೆನ್ಸಿಲು.

ಕೊಡಗಿಗೂ ಚಲನಚಿತ್ರಕ್ಕೂ ನಂಟು ಹಳೆಯದು. ಈ ನೆಲದ ಭಾರತೀಸುತರ ಕಾದಂಬರಿಗಳಿಂದ ‘ಎಡಕಲ್ಲು ಗುಡ್ಡದ ಮೇಲೆ’ 1973ರಲ್ಲಿ, ‘ಬಯಲುದಾರಿ’ 1976ರಲ್ಲಿ, ‘ಹುಲಿಯ ಹಾಲಿನ ಮೇವು’ 1979ರಲ್ಲಿ ತೆರೆಗೆ ಬಂದವು. ಕೊಡವ ಭಾಷೆಯ ಮೊದಲ ಚಿತ್ರ ‘ನಾಡ ಮಣ್ಣ್ ನಾಡ ಕೂಳ್’ 1972ರದು. ಆದರೆ ಕಾದಂಬರಿಕಾರನಿಗೂ ಚಿತ್ರಕಥೆ ಬರೆಯಹೊರಟವನಿಗೂ ಒಂದು ಮುಖ್ಯವಾದ ಅಂತರವಿದೆ. ಕಾದಂಬರಿಯು ಅಚ್ಚಾಗಿ ಓದುಗನ ಕೈಸೇರಿದೊಡನೆ ತನ್ನ ಪೂರ್ಣಾವಸ್ಥೆಯನ್ನು ಪಡೆಯುತ್ತದೆ. ಚಿತ್ರಕಥೆಯಾದರೋ ನಿರ್ದೇಶಕ, ಛಾಯಾಗ್ರಾಹಕ, ನಟ, ಸಂಕಲನಕಾರ ಮುಂತಾದ ಹಲವರ ಕೈಗಳನ್ನು ಹಾದು ಅನ್ಯರೂಪದಲ್ಲಿ ಹುಟ್ಟಬೇಕಾದ ಕೃತಿ. ಒಂದು ಪುಟವೆಂದರೆ ತೆರೆಯ ಮೇಲೆ ಸರಿಸುಮಾರು ಒಂದು ನಿಮಿಷ ಎಂಬುದು ಈ ಕಸುಬಿನವರ ಲೆಕ್ಕ. ಆ ನಿಮಿಷದಲ್ಲಿ ಕಣ್ಣಿಗೆ ಕಾಣುವುದು, ಕಿವಿಗೆ ಕೇಳುವುದು, ಇವೆರಡರ ಹೊರತು ಪುಟದಲ್ಲಿ ಬೇರೇನಿದ್ದರೂ ಅದು ಬರೆದವನ ಮನಸ್ಸಿನಲ್ಲಿಯೇ ಉಳಿದುಹೋಗುತ್ತದೆ. ಹಾಗೆ ಉಳಿದುದನ್ನು ಬರೆದವನು ತಾನಾಗಿ ಕಾಣಲಾರ. ಅವನಿಗೆ ಅದು ಪುಟದ ಮೇಲೆ ಇದ್ದೇ ಇದೆ ಎಂದು ತೋರುತ್ತದೆ. ಇದಕ್ಕಾಗಿಯೇ ಇನ್ನೊಬ್ಬರ ಕಣ್ಣು ಬೇಕು.

ನಮ್ಮ ಗಾಂಧಿನಗರದಲ್ಲಿ ಕತೆಯನ್ನು ‘ಓದಿಸುವ’ ಪದ್ಧತಿಗಿಂತ ‘ಹೇಳುವ’ ಪದ್ಧತಿಯೇ ಬಲವಾಗಿ ಬೆಳೆದಿದೆ. ನಿರ್ಮಾಪಕನ ಎದುರು ಕುಳಿತು, ಕೈಯಾಡಿಸಿ, ಕಣ್ಣರಳಿಸಿ, ಹಿನ್ನೆಲೆ ಸಂಗೀತವನ್ನೂ ತಾನೇ ಗುನುಗಿ ಕತೆ ಹೇಳಬಲ್ಲವನ ಸಾಮರ್ಥ್ಯ ಅಲ್ಪವಾದುದಲ್ಲ. ಆದರೆ ಹವ್ಯಾಸಿಯು ಸ್ನೇಹಿತರ ಅಭಿಪ್ರಾಯ ಕೇಳುವಾಗಲೂ ಇದೇ ಮಾರ್ಗ ಹಿಡಿದರೆ, ಅವರು ಮೆಚ್ಚುವುದು ಅವನ ಕಂಠವನ್ನೇ ಹೊರತು ಹಸ್ತಪ್ರತಿಯನ್ನಲ್ಲ. ಆದುದರಿಂದ ನಮ್ಮಲ್ಲಿ ಒಂದು ಕಟ್ಟುಪಾಡು ಮಾಡಿಕೊಂಡಿದ್ದೆವು: ಓದುವುದು ಬೇರೆಯವರು, ಬರೆದವನು ಓದು ಮುಗಿದು ಎಲ್ಲರೂ ಮಾತಾಡುವವರೆಗೆ ಬಾಯಿ ತೆರೆಯಕೂಡದು. ಇದು ಕಠಿನ ನಿಯಮ. ‘ಅಲ್ಲ, ಅಲ್ಲಿ ನನ್ನ ಉದ್ದೇಶ ಏನಿತ್ತೆಂದರೆ’ ಎಂದು ವಿವರಿಸುವ ಆತುರ ಬಂದ ಕಡೆಯಲ್ಲೆಲ್ಲ ಏನೋ ಕೊರತೆಯಿದೆಯೆಂದು ತಿಳಿಯಬೇಕು. ಚಿತ್ರಮಂದಿರದಲ್ಲಿ ಪ್ರೇಕ್ಷಕನ ಪಕ್ಕದಲ್ಲಿ ಕುಳಿತು ಉದ್ದೇಶವನ್ನು ವಿವರಿಸಲು ಯಾರಿಗೂ ಸಾಧ್ಯವಿಲ್ಲವಷ್ಟೆ.

ಆ ಚಿತ್ರಕಥೆಯ ನಾಯಕ ಸೇನೆಯಿಂದ ಬಹುಕಾಲದ ಮೇಲೆ ಹಿಂದಿರುಗುವ ಸಿಪಾಯಿ. ಮನಸ್ತಾಪದಿಂದ ಬಿಟ್ಟುಹೋದ, ಕುಲದ ಮೂಲಮನೆಯಾದ ಐನ್‌ಮನೆಗೆ ಅವನು ಕಾಲಿಡುವ ದೃಶ್ಯದಲ್ಲಿ ‘ಅವನ ಅಂತಃಕರಣ ಪಶ್ಚಾತ್ತಾಪದಿಂದ ಕುದಿಯಿತು’ ಎಂಬ ವಾಕ್ಯವೂ, ಚಿಕ್ಕಪ್ಪನೊಡನೆ ಎರಡು ಪುಟದಷ್ಟು ಸಂಭಾಷಣೆಯೂ ಇದ್ದವು. ಮೇಷ್ಟ್ರು ಪೆನ್ಸಿಲನ್ನು ಆ ವಾಕ್ಯದ ಮೇಲೆ ಇಟ್ಟು, “ಅಲ್ಲಪ್ಪಾ, ಕುದಿಯಿತು ಅಂತ ಬರೆದಿದ್ದೀಯಲ್ಲ, ಅದನ್ನ ಕ್ಯಾಮೆರಾ ಎಲ್ಲಿಟ್ಟು ನೋಡೋದು?” ಎಂದು ಕೇಳಿದರು. ತರುಣನು ಉತ್ತರಿಸಲಿಲ್ಲ; ಬರೆದುಕೊಂಡ.

ಹದಿನೈದು ದಿನಗಳ ತರುವಾಯ ಬಂದ ಎರಡನೆಯ ಪ್ರತಿಯಲ್ಲಿ ಸಂಭಾಷಣೆ ಪೂರ್ತಿಯಾಗಿ ಮಾಯವಾಗಿತ್ತು. ಸಿಪಾಯಿ ಒಳಗೆ ಬರುತ್ತಾನೆ. ನೆಲ್ಲಕ್ಕಿ ನಡುಬಾಡೆಯೆಂಬ ನಡುಮನೆಯಲ್ಲಿ ಉರಿಯುತ್ತಿರುವ ತೂಗುದೀಪಕ್ಕೆ ಕೈಮುಗಿಯದೆ, ಅದರ ಕಡೆ ನೋಡದೆ, ನೇರವಾಗಿ ಒಳಗೆ ನಡೆದುಬಿಡುತ್ತಾನೆ. ಕಂಬದ ಮರೆಯಿಂದ ಅಜ್ಜಿ ಅದನ್ನು ಕಾಣುತ್ತಾಳೆ. ಮಾತಿಲ್ಲ. ಹತ್ತಿರ ಬಂದು ಬತ್ತಿಯನ್ನು ಸ್ವಲ್ಪ ಮೇಲಕ್ಕೆ ಏರಿಸುತ್ತಾಳೆ. ಮೇಷ್ಟ್ರೂ ಕತೆಗಾರ್ತಿಯೂ ಓದುವುದನ್ನು ನಿಲ್ಲಿಸಿ ಸುಮ್ಮನೆ ಕುಳಿತರು. ಆಗ ಧಾರವಾಡದವರು, “ಆ ಮುದುಕಿ ಬತ್ತಿ ಯಾಕ ಏರಿಸಿದ್ಲು, ನನಗ ತಿಳೀಲಿಲ್ಲ ನೋಡ್ರಿ” ಎಂದರು. ಅವರ ಪ್ರತಿಯ ಅಂಚಿನಲ್ಲಿ ದೊಡ್ಡದೊಂದು ಪ್ರಶ್ನಾರ್ಥಕ ಚಿಹ್ನೆಯಿತ್ತು.

ಐನ್‌ಮನೆಯ ದೀಪವೆಂದರೆ ಕುಲದ ಮೂಲಪುರುಷರಾದ ಗುರುಕಾರಣರ ಸಾನ್ನಿಧ್ಯವೆಂದು ಬಾಲ್ಯದಿಂದ ಬಲ್ಲವರಿಗೆ ಸಿಡಿಲಿನಂತೆ ತಾಗಿದ ಆ ಮೌನವು, ಅದನ್ನು ಅರಿಯದವರಿಗೆ ಬರಿಯ ಮೌನವಾಗಿತ್ತು. ಆ ಕ್ಷಣದಲ್ಲಿ ನಾನು, ಅಜ್ಜಿಯ ಬಾಯಲ್ಲಿ ಒಂದು ಮಾತು ಹೇಳಿಸಿ ದೀಪದ ಮಹತ್ತ್ವವನ್ನು ತಿಳಿಸಿಬಿಡಬಹುದಲ್ಲ ಎಂದು ಸೂಚಿಸಿದೆ. ಅದು ತಪ್ಪು ಸೂಚನೆಯೆಂದು ಈಗ ಅರಿವಾಗಿದೆ. ರೋಗವನ್ನು ಗುರುತಿಸಿದವರು ಧಾರವಾಡದ ಮಿತ್ರರು. ಮದ್ದನ್ನು ಹೇಳಹೊರಟವನು ನಾನು. ಸಹಬರಹಗಾರರ ವಿಮರ್ಶೆಯಲ್ಲಿ ಅತ್ಯಂತ ಬೆಲೆಯುಳ್ಳದ್ದು ಮೊದಲನೆಯದು: ಇಲ್ಲಿ ನನಗೆ ಅರ್ಥವಾಗಲಿಲ್ಲ, ಇಲ್ಲಿ ಬೇಸರವಾಯಿತು, ಇಲ್ಲಿ ಇವನ ಮಾತನ್ನು ನಂಬಲಿಲ್ಲ ಎಂಬ ಪ್ರಾಮಾಣಿಕ ವರದಿ. ‘ಟಾಯ್ ಸ್ಟೋರಿ’ಯಂಥ ಚಿತ್ರಗಳನ್ನು ಮಾಡಿದ ಅಮೆರಿಕೆಯ ಪಿಕ್ಸಾರ್ ಸಂಸ್ಥೆಯಲ್ಲಿ ‘ಬ್ರೇನ್‌ಟ್ರಸ್ಟ್’ ಎಂಬೊಂದು ಕೂಟವಿದೆ. ಅನುಭವಿಗಳಾದ ನಿರ್ದೇಶಕರೂ ಬರಹಗಾರರೂ ಕೂಡಿ, ತಯಾರಾಗುತ್ತಿರುವ ಚಿತ್ರದ ದೋಷಗಳನ್ನು ನಿರ್ದಾಕ್ಷಿಣ್ಯವಾಗಿ ಹೇಳುತ್ತಾರೆ, ಆದರೆ ಅವರ ಮಾತನ್ನು ಪಾಲಿಸಲೇಬೇಕೆಂಬ ಕಟ್ಟಳೆ ಆ ಚಿತ್ರದ ನಿರ್ದೇಶಕನಿಗಿಲ್ಲ.

ಕನ್ನಡಕ್ಕೆ ಇಂಥ ಸಾಹಚರ್ಯ ಹೊಸತೇನಲ್ಲ. ಧಾರವಾಡದ ಮಿತ್ರರು ತಮ್ಮೂರಿನ ಮನೋಹರ ಗ್ರಂಥಮಾಲೆಯ, ಸಾಹಿತಿಗಳು ಕೂಡುತ್ತಿದ್ದ ಅಟ್ಟವನ್ನು ಅಭಿಮಾನದಿಂದ ನೆನೆದರು. ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ ಪ್ರಕಟವಾದದ್ದು ಜಿ. ಬಿ. ಜೋಶಿಯವರ ಆ ಸಂಸ್ಥೆಯಿಂದಲೇ. ಕನ್ನಡದಲ್ಲಿ ಗಟ್ಟಿಯಾದ ಐತಿಹಾಸಿಕ ನಾಟಕವಿಲ್ಲವೆಂಬ ಕೀರ್ತಿನಾಥ ಕುರ್ತಕೋಟಿಯವರ ಟೀಕೆಯು ಕಾರ್ನಾಡರನ್ನು ಇತಿಹಾಸದ ಕಡೆಗೆ ತಿರುಗಿಸಿ ‘ತುಘಲಕ್’ಗೆ ಪ್ರೇರಣೆಯಾಯಿತು, ‘ಹಯವದನ’ದ ಕಲ್ಪನೆ ರೂಪುಗೊಂಡದ್ದು ಮುಖವಾಡಗಳ ವಿಷಯವಾಗಿ ಬಿ. ವಿ. ಕಾರಂತರೊಡನೆ ನಡೆದ ವಾಗ್ವಾದದ ನಡುವೆ. ಕುರ್ತಕೋಟಿಯವರು ಕೊರತೆಯನ್ನು ಹೇಳಿದರು, ನಾಟಕವನ್ನು ಹೇಳಿಕೊಡಲಿಲ್ಲ. ಇದನ್ನು ಕೇಳಿದ ಮೇಷ್ಟ್ರು, ನಮ್ಮ ಹರದಾಸ ಅಪ್ಪಚ್ಚಕವಿಯೂ 1906ರಲ್ಲಿ ಯಯಾತಿಯ ಕಥೆಯಿಂದಲೇ ಕೊಡವ ನಾಟಕವನ್ನು ಆರಂಭಿಸಿದನೆಂದು ಜ್ಞಾಪಿಸಿದರು.

ಕತೆ ಕಳುವಾದೀತೆಂಬ ಅಂಜಿಕೆಯಿಂದ ಯಾರಿಗೂ ತೋರಿಸದೆ ಪೆಟ್ಟಿಗೆಯಲ್ಲಿಟ್ಟವರು ಬಹಳ ಮಂದಿ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಬರೆದಿಟ್ಟ ರೂಪಕ್ಕೆ ಬರೆದ ಗಳಿಗೆಯಿಂದಲೇ ರಕ್ಷಣೆಯುಂಟು, ಬರಿಯ ಕಲ್ಪನೆಗಿಲ್ಲ, ಬೇಕಾದವರು ನೋಂದಾಯಿಸಿಕೊಳ್ಳಬಹುದು. ಆದುದರಿಂದ ಬಾಯಲ್ಲಿ ಹೇಳುತ್ತ ತಿರುಗುವುದಕ್ಕಿಂತ, ಬರೆದು ದಿನಾಂಕ ಹಾಕಿ ನಾಲ್ವರು ವಿಶ್ವಾಸಿಗಳಿಗೆ ಓದಲು ಕೊಡುವುದೇ ಕ್ಷೇಮ. ಆ ನಾಲ್ವರಲ್ಲಿ ಊರಿನ ಒಳಗುಟ್ಟು ಬಲ್ಲವರು ಕೆಲವರು, ಏನೂ ಅರಿಯದವರು ಒಬ್ಬರಾದರೂ ಇರಬೇಕು. ನಮ್ಮ ನಾಡನ್ನು ಬರಿಯ ಮಂಜಿನ ಪರದೆಯಾಗಿ ತೋರಿಸಿದ ಚಿತ್ರಗಳಿಂದ ನೊಂದಿರುವ ನಮಗೆ, ಒಳಗಿನವರ ಒಪ್ಪಿಗೆಯಷ್ಟೇ ಹೊರಗಿನವರ ಪ್ರಶ್ನೆಯೂ ಅವಶ್ಯಕ.

ಕೈಲ್‌ಪೊಳ್ದ್ ಹಬ್ಬ ಕಳೆದು, ಮಳೆ ತುಸು ಹಿಂಜರಿದ ಮೇಲೆ ಮೂರನೆಯ ಓದು ನಡೆಯಿತು. ನನ್ನ ಸೂಚನೆಯನ್ನು ತರುಣ ಕೈಬಿಟ್ಟಿದ್ದ. ದೀಪದ ದೃಶ್ಯವನ್ನು ಒಂದಕ್ಷರವೂ ಮುಟ್ಟದೆ, ಅದಕ್ಕೂ ಬಹಳ ಹಿಂದೆ, ಆರನೆಯ ಪುಟದಲ್ಲಿ, ನಾಲ್ಕೇ ಸಾಲು ಸೇರಿಸಿದ್ದ: ಹಸಿದು ಅಡಿಗೆಮನೆಗೆ ಓಡುತ್ತಿರುವ ಪುಟ್ಟ ಹುಡುಗನೊಬ್ಬನನ್ನು ಅಜ್ಜಿ ರಟ್ಟೆ ಹಿಡಿದು ನಿಲ್ಲಿಸಿ, ದೀಪದ ಕಡೆಗೆ ತಿರುಗಿಸಿ, ಅವನು ಕೈಮುಗಿದ ಮೇಲೆಯೇ ಬಿಡುತ್ತಾಳೆ. ಓದು ಮುಗಿದ ನಂತರ ಪ್ರತಿಗಳನ್ನು ಒಟ್ಟುಗೂಡಿಸುವಾಗ ನಾನು ಧಾರವಾಡದವರ ಪ್ರತಿಯಲ್ಲಿ ಸಿಪಾಯಿ ಬರುವ ಪುಟವನ್ನು ತೆರೆದು ನೋಡಿದೆ. ಅಂಚು ಖಾಲಿಯಾಗಿತ್ತು.